ಒಂದು ಸದ್ದಿನೊಳಗೆ ಇನ್ನೊಂದು

“ಈ ಗುಂಪು ನೋಡಿದ್ರೆ ಇದೇ ನಿಜ ಅನ್ಸುತ್ತೆ. ಆ ಗುಂಪು ನೋಡಿದ್ರೆ ಅದೇ ನಿಜ ಅನ್ಸುತ್ತೆ. ನನಗಂತೂ ತಲೆ ಕೆಟ್ಟು ಹೋಗಿದೆ ಕಣೋ.”

ಅಕ್ಕ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಕಣ್ಣುಜ್ಜಿಕೊಂಡಳು. ಇನ್ಸ್‌ಪೆಕ್ಟರ್ ಪರದೆಯ ಹತ್ತಿರಕ್ಕೆ ಬಾಗಿದ.

ಊರಿನ ನಕ್ಷೆಯ ಮೇಲೆ ಸಾವಿರಾರು ಕೆಂಪು ಚುಕ್ಕಿಗಳು. ನಿನ್ನೆ ಅವು ಚೆಲ್ಲಿದ ಸಾಸಿವೆಯ ಹಾಗೆ ಎಲ್ಲೆಂದರಲ್ಲಿ ಹರಡಿದ್ದವು. ಈಗ ಎರಡು ಕಡೆ ಗುಂಪು ಕಟ್ಟಿದ್ದವು. ಒಂದು ಗುಂಪು ಹೊಸ ರೈಲು ಸುರಂಗದ ಪಕ್ಕದಲ್ಲಿ. ಇನ್ನೊಂದು, ಬಾಗಿಲು ಮುಚ್ಚಿ ಎಷ್ಟೋ ಕಾಲವಾದ ಹತ್ತಿ ಗಿರಣಿಯ ಕೆಳಗೆ.

ಸೋಮವಾರ ಮಧ್ಯಾಹ್ನ, ಸುರಂಗ ಕೊರೆಯುವ ಯಂತ್ರ ನಿಂತಿದ್ದ ಊಟದ ಹೊತ್ತಿನಲ್ಲಿ, ನೆಲದೊಳಗೆ ಧಡ್ ಎಂದು ಒಂದು ಸದ್ದಾಗಿತ್ತು. ಅಂದಿನಿಂದ ಸುರಂಗದ ಸುರಕ್ಷತಾ ಅಧಿಕಾರಿ ಕಾಣೆ. ಇವತ್ತು ಗುರುವಾರ.

ಕಂಪನಿಯವರು ಹೇಳುವುದು ಒಂದೇ ಮಾತು. ಲಾರಿಯಿಂದ ಕಬ್ಬಿಣದ ಹಲಗೆ ಬಿತ್ತು, ಅದರದೇ ಸದ್ದು. ಮನುಷ್ಯ ಎಲ್ಲೋ ಓಡಿಹೋಗಿದ್ದಾನೆ, ನಾವೇನು ಮಾಡೋಣ? ಆದರೆ ಗೋಡೆಗಳು ಬಿರುಕು ಬಿಡುತ್ತಿವೆಯೆಂದು ಜನ ಗಲಾಟೆ ಮಾಡಿದ್ದರಿಂದ ದಾರಿಯುದ್ದಕ್ಕೂ ಐದು ಕಟ್ಟಡಗಳಲ್ಲಿ ಕಂಪನ ಅಳೆಯುವ ಮೀಟರುಗಳನ್ನು ಕೂರಿಸಿದ್ದರು. ಐದೂ ಆ ಸದ್ದನ್ನು ಹಿಡಿದಿದ್ದವು. ಇನ್ಸ್‌ಪೆಕ್ಟರ್ ಅವುಗಳ ದಾಖಲೆ ಹೊತ್ತುಕೊಂಡು ನೇರವಾಗಿ ಬಂದದ್ದು ವಿಶ್ವವಿದ್ಯಾಲಯದಲ್ಲಿ ಭೂಕಂಪನ ಶಾಸ್ತ್ರ ಕಲಿಸುವ ತನ್ನ ಅಕ್ಕನ ಬಳಿಗೆ.

“ಸದ್ದು ಎಲ್ಲಿಂದ ಬಂತು ಅಂತ ಒಂದು ಲೆಕ್ಕ ಹಾಕಿ ಹೇಳೋಕೆ ಇಷ್ಟು ಹೊತ್ತಾ ಅಕ್ಕಾ? ಐದು ಮೀಟರಿದೆಯಲ್ಲ!”

“ಎಲ್ಲಿಂದ ಅಂತ ಗೊತ್ತಿದ್ರೆ ಐದು ಮೀಟರಲ್ಲಿ ಏನು ಬರುತ್ತೆ ಅಂತ ಚಿಟಿಕೆ ಹೊಡೆಯೋದ್ರಲ್ಲಿ ಹೇಳ್ತೀನಿ. ನೀನು ಕೇಳ್ತಿರೋದು ಉಲ್ಟಾ. ಮೀಟರು ನೋಡಿ ಜಾಗ ಹೇಳು ಅಂತ. ಇಳಿಯೋದು ಸುಲಭ, ವಾಪಸ್ ಹತ್ತೋದಿದೆಯಲ್ಲ, ಅದು ಬೇರೆ.” ಅವಳು ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು. “ನೆಲದಡಿ ಏನಿದೆ ಅಂತ ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ಕಡೆ ಬಂಡೆ, ಸದ್ದು ಕುದುರೆ ಥರ ಓಡುತ್ತೆ. ಇನ್ನೊಂದು ಕಡೆ ಜೇಡಿಮಣ್ಣು, ಬಸವನಹುಳು ಥರ ತೆವಳುತ್ತೆ. ದೂರ ಎರಡರಷ್ಟಾದ್ರೆ ಹೊತ್ತೂ ಎರಡರಷ್ಟಾಗುತ್ತೆ ಅನ್ನೋ ಸೀದಾ ಲೆಕ್ಕ ಇಲ್ಲಿ ನಡೆಯಲ್ಲ.”

“ಹಾಗಾದ್ರೆ ಈ ಚುಕ್ಕಿ?”

“ಒಂದೊಂದೂ ಒಂದೊಂದು ಊಹೆ. ಇಲ್ಲಿ ಸದ್ದಾಗಿದ್ರೆ, ಇಷ್ಟು ಆಳದಲ್ಲಾಗಿದ್ರೆ, ಮಣ್ಣು ಹೀಗಿದ್ರೆ, ಮೀಟರಲ್ಲಿ ಏನು ಬರ್ತಿತ್ತು? ಕಂಪ್ಯೂಟರು ಲೆಕ್ಕ ಹಾಕಿ ನಿಜವಾಗಿ ಬಂದದ್ದಕ್ಕೆ ಹೋಲಿಸುತ್ತೆ. ಚೆನ್ನಾಗಿ ಹೊಂದಿದ್ರೆ ಅಲ್ಲೇ ಸುತ್ತಮುತ್ತ ಇನ್ನೊಂದು ಊಹೆ. ಹೊಂದದಿದ್ರೂ ಒಂದೊಂದು ಸಲ ಬೇಕಂತಲೇ ಆ ಕಡೆಗೇ ಹೆಜ್ಜೆ.”

“ತಪ್ಪು ಅಂತ ಗೊತ್ತಿದ್ದೂ?”

“ಗೊತ್ತಿದ್ದೂ. ಇಲ್ಲದಿದ್ರೆ ಮೊದಲು ಸಿಕ್ಕ ಗುಂಡೀನೇ ಬಾವಿ ಅಂದ್ಕೊಂಡು ಅದರಲ್ಲೇ ಕೂತುಬಿಡುತ್ತೆ. ಮೊದಲು ಸಿಕ್ಕಿದವನನ್ನೇ ಕಳ್ಳ ಅಂತ ಒಳಗೆ ಹಾಕ್ತೀರಲ್ಲ, ನಿಮ್ಮ ಠಾಣೆ ಥರ.”

ಬೇರೆ ದಿನವಾಗಿದ್ದರೆ ಅವನು ತಿರುಗಿ ಒಂದು ಮಾತು ಕೊಡುತ್ತಿದ್ದ. ಇವತ್ತು ಅವನ ಕಣ್ಣು ಎರಡು ಗುಂಪುಗಳ ಮೇಲಿಂದ ಕದಲಲಿಲ್ಲ.

“ಎರಡರಲ್ಲಿ ಯಾವುದು?”

“ಅದೇ ಗೋಳು. ಸುರಂಗದ ಪಕ್ಕ ಅಂದ್ರೆ ಹಲ್ಲಿನ ಡಾಕ್ಟರ ಮನೆ ಮೀಟರು ಒಪ್ಪುತ್ತೆ, ಬೇಕರಿಯದ್ದು ಒಪ್ಪಲ್ಲ. ಗಿರಣಿ ಅಂದ್ರೆ ಬೇಕರಿಯದ್ದು ಒಪ್ಪುತ್ತೆ, ಡಾಕ್ಟರದ್ದು ಒಪ್ಪಲ್ಲ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆ. ಚುಕ್ಕಿಗಳು ಅಲ್ಲಿ ಕೂತಿರೋದು ಸರಿ ಅಂತಲ್ಲ, ಇರೋದ್ರಲ್ಲಿ ವಾಸಿ ಅಂತ.”

“ಅಂದ್ರೆ ಎರಡೂ ಅರ್ಧರ್ಧ ಸುಳ್ಳು.”

“ಅರ್ಧರ್ಧ ನಿಜ ಅಂತಲೂ ಅನ್ನಬಹುದು.”

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ನಡೆದ. ಹೊರಗೆ ಹುಡುಗಿಯರ ಗುಂಪೊಂದು ಸೈಕಲ್ ತಳ್ಳಿಕೊಂಡು ನಗುತ್ತ ಹೋಗುತ್ತಿತ್ತು.

“ನಮ್ಮಲ್ಲೂ ಹೀಗಾಗುತ್ತೆ,” ಎಂದ ಅವನು, ತನಗೆ ತಾನೇ ಎಂಬಂತೆ. “ಒಬ್ಬ ಸಾಕ್ಷಿ ಕಳ್ಳ ಕುಳ್ಳಗಿದ್ದ ಅಂತಾನೆ, ಇನ್ನೊಬ್ಬ ಉದ್ದಕ್ಕಿದ್ದ ಅಂತಾನೆ. ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿದಾರೆ ಅಂತ ವಾರಗಟ್ಟಲೆ ಒದ್ದಾಡ್ತೀವಿ. ಕೊನೆಗೆ ನೋಡಿದ್ರೆ ಬಂದಿದ್ದೇ ಇಬ್ಬರು ಕಳ್ಳರು.”

ಹಿಂದೆ ಕುರ್ಚಿ ಕಿರುಗುಟ್ಟಿತು.

ಅವನು ತಿರುಗಿ ನೋಡಿದ. ಅಕ್ಕ ಕುರ್ಚಿಯನ್ನು ಮತ್ತೆ ಮೇಜಿಗೆ ಎಳೆದುಕೊಂಡಿದ್ದಳು.

“ಏನಾಯ್ತು?”

“ಸುಮ್ನಿರು.” ಅವಳ ಬೆರಳುಗಳು ಆಗಲೇ ಕೀಲಿಗಳ ಮೇಲೆ ಓಡುತ್ತಿದ್ದವು. “ಸದ್ದು ಒಂದೇ ಅಂತ ಯಾರು ಹೇಳಿದ್ರು ನನಗೆ? ಯಾರೂ ಹೇಳಿಲ್ಲ. ನಾನೇ ಅಂದ್ಕೊಂಡೆ. ಕೇಳಿದವರಿಗೆಲ್ಲ ಒಂದೇ ಅನ್ನಿಸ್ತು, ನಾನೂ ಒಂದೇ ಅಂತ ಬರೆದೆ.”

ಅವಳು ಲೆಕ್ಕವನ್ನು ಬದಲಿಸಿದಳು. ಒಂದು ಸದ್ದಿನ ಬದಲು ಎರಡು. ಎರಡಕ್ಕೂ ಬೇರೆ ಜಾಗ, ಬೇರೆ ಆಳ, ಬೇರೆ ಹೊತ್ತು. ಚುಕ್ಕಿಗಳು ಮತ್ತೆ ಚೆಲ್ಲಾಪಿಲ್ಲಿಯಾದವು. ಅಣ್ಣತಂಗಿಯರ ಹಾಗೆ ಜೋಡಿಜೋಡಿಯಾಗಿ ಅಲೆದವು. ಇಬ್ಬರೂ ಕಾದರು. ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನಿನದೊಂದೇ ಸದ್ದು.

ಮಧ್ಯಾಹ್ನದ ಹೊತ್ತಿಗೆ ಅವು ನಿಂತವು. ಒಂದು ಗುಂಪು ಸುರಂಗದ ಪಕ್ಕ. ಒಂದು ಗಿರಣಿಯ ಕೆಳಗೆ. ಮೊದಲಿನದೇ ಎರಡು ಜಾಗ. ಆದರೆ ಈಗ ಗುಂಪುಗಳು ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕವಾಗಿದ್ದವು. ಐದು ಮೀಟರುಗಳೂ ಒಪ್ಪಿದ್ದವು.

“ಎರಡರಲ್ಲಿ ಒಂದಲ್ಲ ಕಣೋ,” ಎಂದಳು ಅಕ್ಕ. “ಎರಡೂ. ಮೊದಲು ಸುರಂಗದ ಪಕ್ಕ. ಅದರ ಬಾಲ ಹಿಡ್ಕೊಂಡೇ, ಉಸಿರು ತಗೊಂಡು ಬಿಡೋದ್ರೊಳಗೆ, ಗಿರಣಿ ಕೆಳಗೆ. ಕಿವಿಗೆ ಒಂದೇ ಕೇಳಿಸುತ್ತೆ.”

ಇನ್ಸ್‌ಪೆಕ್ಟರ್ ಟೋಪಿ ಕೈಗೆತ್ತಿಕೊಂಡ. ಒಂದು ಸದ್ದಾದರೆ ಅಪಘಾತ ಎನ್ನಬಹುದು. ಎರಡು ಜಾಗದಲ್ಲಿ, ಒಂದರ ಬೆನ್ನಿಗೆ ಒಂದು?

“ಒಂದರ ಸದ್ದಲ್ಲಿ ಇನ್ನೊಂದನ್ನ ಮುಚ್ಚಿದಾರೆ,” ಎಂದ ಅವನು.

*

ದೊಡ್ಡ ಇಂಜಿನಿಯರರ ಕಚೇರಿ ಸುರಂಗದ ಬಾಯಿಯ ಪಕ್ಕದಲ್ಲೇ ಇತ್ತು. ತಗಡಿನ ಕೋಣೆಯಾದರೂ ಒಳಗೆ ಮೆತ್ತನೆಯ ಕಾರ್ಪೆಟ್ಟು. ಇಡೀ ಯೋಜನೆಯ ಮುಖ್ಯಸ್ಥರಾದ ಅವರು ಎದ್ದು ನಿಲ್ಲಲಿಲ್ಲ.

“ಏನ್ ಇನ್ಸ್‌ಪೆಕ್ಟ್ರೇ, ಮತ್ತೆ ನಮ್ಮ ಬೇಡಪ್ಪನ ವಿಷಯನಾ?”

ಸುರಕ್ಷತಾ ಅಧಿಕಾರಿಗೆ ಕೆಲಸಗಾರರು ಇಟ್ಟ ಹೆಸರು ಅದು. ಏನು ಮಾಡಹೊರಟರೂ ಮೊದಲು ‘ಬೇಡಪ್ಪಾ, ಬೇಡ’ ಎನ್ನುತ್ತಿದ್ದ ಮನುಷ್ಯ. ಹಾಗೆ ಬೈದುಕೊಳ್ಳುತ್ತಲೇ ಕೆಲಸಗಾರರು ಅವನನ್ನು ಇಷ್ಟಪಟ್ಟಿದ್ದರು. ಅವನು ಬೇಡ ಎಂದದ್ದರಿಂದಲೇ ಸಂಜೆ ಮನೆ ಸೇರಿದವರು ಅವರಲ್ಲಿ ಕೆಲವರಿದ್ದರು.

ಇನ್ಸ್‌ಪೆಕ್ಟರ್ ನಕ್ಷೆಯನ್ನು ಮೇಜಿನ ಮೇಲೆ ಹರಡಿದ.

“ಇದೇನು, ದೃಷ್ಟಿ ಬೊಟ್ಟಾ?” ದೊಡ್ಡ ಇಂಜಿನಿಯರ್ ನಕ್ಕರು. “ನಿಮ್ಮಕ್ಕ ಏನೋ ಮಾಡ್ತಿದಾರೆ ಅಂತ ಕೇಳಿದೆ. ಸಾವಿರ ಸುಳ್ಳು ಊಹೆ ಮಾಡಿ ಒಂದು ನಿಜ ಹಿಡೀತಾರಂತಲ್ಲ. ಗಿಣಿ ಶಾಸ್ತ್ರದವನೂ ಅಷ್ಟೇ ಮಾಡೋದು.”

“ಗಿಣಿ ಒಂದೇ ಚೀಟಿ ಎತ್ತುತ್ತೆ ಸಾರ್. ನಮ್ಮಕ್ಕ ಎರಡು ಎತ್ತಿದಾಳೆ.” ಅವನು ಸುರಂಗದ ಪಕ್ಕದ ಗುಂಪಿನ ಮೇಲೆ ಬೆರಳಿಟ್ಟ. “ಇಲ್ಲಿ ಏನಿತ್ತು?”

“ಮಣ್ಣು.”

“ಮಣ್ಣಿಗೆ ಯಾಕೆ ಸಿಡಿಮದ್ದು ಇಟ್ರಿ?”

ನಗು ಅಲ್ಲೇ ನಿಂತಿತು. ದೊಡ್ಡ ಇಂಜಿನಿಯರರ ಕೈ ಪೇಪರ್‌ವೆಯ್ಟನ್ನು ಹುಡುಕಿ ಹಿಡಿದು ತಿರುಗಿಸತೊಡಗಿತು.

“ಲಾರಿಯಿಂದ ಹಲಗೆ...”

“ಹಲಗೆ ಬಿದ್ರೆ ಸದ್ದು ನೆಲದ ಮೇಲಿಂದ ಬರಬೇಕು. ಇದು ನಿಮ್ಮ ಸುರಂಗದ ಆಳದಿಂದ ಬಂದಿದೆ. ಆಳದ ಬಗ್ಗೆ ನಮ್ಮಕ್ಕನಿಗೆ ಅನುಮಾನವೇ ಇಲ್ಲ. ನ್ಯಾಯಾಲಯದಲ್ಲೂ ಹೇಳ್ತಾಳೆ. ನೀವು ಈಗ್ಲೇ ಹೇಳಿದ್ರೆ ಒಂದು, ಆಮೇಲೆ ಹೇಳಿದ್ರೆ ಇನ್ನೊಂದು. ಕೆಳಗೆ ಮನುಷ್ಯ ಇರಬಹುದು ಸಾರ್.”

“ಮನುಷ್ಯ ಇರಲಿಲ್ಲ!” ಕೂಗು ಹೊರಟುಹೋಯಿತು. ಹೊರಟ ಮೇಲೆ ದೊಡ್ಡ ಇಂಜಿನಿಯರ್ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡು ಪ್ರಯೋಜನವಿರಲಿಲ್ಲ.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತ. “ಎಲ್ಲಿ ಇರಲಿಲ್ಲ?”

ಮಾತು ಬಂತು, ಬಾವಿಯಿಂದ ಬಂದ ಹಾಗೆ.

“ಹಳೇ ಕಾಲುವೆ. ಗಿರಣಿಗೆ ನೀರು ತರೋಕೆ ಯಾವುದೋ ಕಾಲದಲ್ಲಿ ನೆಲದೊಳಗೆ ಕಟ್ಟಿದ್ದು. ಯಾವ ನಕ್ಷೆಯಲ್ಲೂ ಇಲ್ಲ. ನಮ್ಮ ಯಂತ್ರ ಅದರ ಗೋಡೆ ಒಡೀತು. ಸರ್ಕಾರಕ್ಕೆ ಹೇಳಿದ್ರೆ ಕೆಲಸ ನಿಲ್ಲಿಸ್ತಾರೆ. ತಿಂಗಳುಗಟ್ಟಲೆ. ಅದಕ್ಕೇ ನಮ್ಮ ಕಡೆ ಬಾಯಿಗೆ ಸಣ್ಣದೊಂದು ಮದ್ದಿಟ್ಟು ಕೆಡವಿ ಮುಚ್ಚಿದ್ವಿ. ಬೇಡಪ್ಪ ಬೇಡ ಅಂದ. ಜಗಳ ಮಾಡಿದ. ಸಾಕ್ಷಿ ಇಟ್ಕೊಂಡು ದೂರು ಕೊಡ್ತೀನಿ ಅಂತ ಹೊರಟುಹೋದ.”

“ಮುಚ್ಚೋ ಮೊದಲು ಒಳಗೆ ನೋಡಿದ್ರಾ?”

“ನಾನೇ ಟಾರ್ಚ್ ಹಿಡಿದು ನೋಡಿದೆ. ಕೂಗಿದೆ. ಮಕ್ಕಳ ಆಣೆಗೂ ಯಾರೂ ಇರಲಿಲ್ಲ.”

“ಮತ್ತೆ ಇದು?” ಬೆರಳು ಗಿರಣಿಯ ಕೆಳಗಿನ ಗುಂಪಿಗೆ ಸರಿಯಿತು. “ಇದನ್ನೂ ನೀವೇ ಮುಚ್ಚಿದ್ದಾ?”

ದೊಡ್ಡ ಇಂಜಿನಿಯರ್ ನಕ್ಷೆಯನ್ನು ದಿಟ್ಟಿಸಿದರು. ಪೇಪರ್‌ವೆಯ್ಟ್ ಕೈಯಿಂದ ಜಾರಿ ಕಾರ್ಪೆಟ್ಟಿನ ಮೇಲೆ ಸದ್ದಿಲ್ಲದೆ ಬಿತ್ತು.

“ಅದು... ಅದು ಕಾಲುವೆಯ ಇನ್ನೊಂದು ಬಾಯಿ. ಗಿರಣಿಯ ನೆಲಮಾಳಿಗೆಗೆ ತೆರೆಯುತ್ತೆ. ನಾವು ಅದನ್ನ ಮುಟ್ಟಿಲ್ಲ. ನಾವು ಮಾಡಿದ್ದು ಒಂದೇ ಸದ್ದು ಇನ್ಸ್‌ಪೆಕ್ಟ್ರೇ. ಒಂದೇ!”

ಇಷ್ಟು ವರ್ಷ ಸುಳ್ಳುಗಾರರ ಮುಖ ನೋಡಿ ನೋಡಿ ಇನ್ಸ್‌ಪೆಕ್ಟರನಿಗೆ ಒಂದು ವಿಷಯ ಗೊತ್ತಿತ್ತು. ಸುಳ್ಳು ಹೇಳುವವನು ಎದುರಿನವನ ಕಣ್ಣು ನೋಡುತ್ತಾನೆ, ನಾಟಿತೋ ಇಲ್ಲವೋ ಎಂದು. ಈ ಮನುಷ್ಯ ತನ್ನನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಆ ಎರಡನೆಯ ಗುಂಪಿಗೆ ಅಂಟಿಕೊಂಡಿತ್ತು. ಹೆದರಿಕೆಯಿಂದ.

“ನೀವು ಎಷ್ಟು ಹೊತ್ತಿಗೆ ಮದ್ದು ಸಿಡಿಸ್ತೀರಿ ಅಂತ ಯಾರಿಗೆ ಗೊತ್ತಿತ್ತು?”

“ನನಗೆ. ಬೇಡಪ್ಪನಿಗೆ. ಮದ್ದು ಇಟ್ಟವನು ನನ್ನ ಪಕ್ಕದಲ್ಲೇ ನಿಂತಿದ್ದ.” ದೊಡ್ಡ ಇಂಜಿನಿಯರ್ ತುಟಿ ಸವರಿಕೊಂಡರು. “ಅಯ್ಯೋ. ಸಾಕ್ಷಿ ತರ್ತೀನಿ ಅಂದಿದ್ದ. ಆ ಕಡೆಯಿಂದ ಇಳಿದುಬಿಟ್ಟಿದ್ನಾ?”

*

ಗಿರಣಿಯ ನೆಲಮಾಳಿಗೆಯ ಕಮಾನು ಇಡಿಯಾಗಿ ಕುಸಿದಿತ್ತು. ಮೇಲೆ ನಿಂತು ನೋಡಿದವರಿಗೆ ಹಳೆಯ ಕಟ್ಟಡ, ಬಿದ್ದಿದೆ ಅಷ್ಟೇ. ಅದನ್ನು ಅಗೆದು ಒಳಗೆ ಹೋಗಲು ದಿನಗಳೇ ಬೇಕು ಎಂದರು ಅಗ್ನಿಶಾಮಕ ದಳದವರು. ಅಷ್ಟರಲ್ಲಿ ಒಳಗಿದ್ದವನಿಗೆ ಗಾಳಿ ಕೊಡಬೇಕು. ಅದಕ್ಕೆ ಮೇಲಿನಿಂದ ಕೊಳವೆ ಇಳಿಸಬೇಕು. ಇಳಿಸುವುದೆಲ್ಲಿ?

ಕಾಲುವೆ ಎರಡು ಬಾಯಿಗಳ ನಡುವೆ ನೇರವಾಗಿ ಹೋಗಿತ್ತೋ, ಬಳಸಿ ಹೋಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಗಿರಣಿಯ ಅಂಗಳದಲ್ಲಿ ಒಂದು ಡ್ರಮ್ಮನ್ನು ಬೋರಲು ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ನಕ್ಷೆಯ ಮೇಲೆ ಕಾಲುವೆ ಇರುವ ಸಂಭವ ಹೆಚ್ಚಿದ್ದ ಕಡೆ ಬಣ್ಣ ಗಾಢ, ಕಡಿಮೆಯಿದ್ದ ಕಡೆ ತೆಳು.

“ಇಲ್ಲಿ ಹಾಕಿ.”

ಬೋರ್‌ವೆಲ್ ಲಾರಿ ಗುಡುಗಿತು. ಕೆಸರು ಉಗುಳಿತು. ಆಳ ಮುಟ್ಟಿದರೂ ಬರೀ ಜೇಡಿಮಣ್ಣು.

ಇನ್ಸ್‌ಪೆಕ್ಟರ್ ತಲೆಯ ಮೇಲೆ ಕೈಹೊತ್ತ. “ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ.”

“ಸಿಗಲಿಲ್ಲ ಅನ್ನೋದೂ ಒಂದು ಸುದ್ದಿಯೇ ಕಣೋ. ಇಲ್ಲಿಲ್ಲ ಅಂದ್ರೆ ಬೇರೆ ಕಡೆ ಇರೋ ಸಂಭವ ಅಷ್ಟು ಏರಿತು.” ಅವಳು ಆ ತೂತಿನ ಆಳವನ್ನೂ ಲೆಕ್ಕಕ್ಕೆ ಸೇರಿಸಿದಳು. ತೂತು ಬಿದ್ದ ಜಾಗದ ಬಣ್ಣ ಮಾಸಿತು. ಅದರ ಎಡಕ್ಕೆ, ಬಾಗಿಲಿಲ್ಲದ ಗೋದಾಮಿನ ಪಕ್ಕ, ಬಣ್ಣ ಕಪ್ಪಾಯಿತು. “ಬಳಸಿ ಹೋಗಿದೆ. ಅಲ್ಲಿಗೆ ಬನ್ನಿ!”

ಅಂಗಳದ ಗೇಟಿಗೆ ಹಗ್ಗ ಕಟ್ಟಿದ್ದರು. ಹಗ್ಗದಾಚೆ, ಕಲ್ಲಿನ ಮೇಲೆ, ಸುರಕ್ಷತಾ ಅಧಿಕಾರಿಯ ಹೆಂಡತಿ ಕೂತಿದ್ದಳು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವಳು. ಸೋಮವಾರದಿಂದ ಅಂಗಡಿ ತೆರೆದಿರಲಿಲ್ಲ. ಠಾಣೆಯ ಬೆಂಚೇ ಮನೆಯಾಗಿತ್ತು. ‘ನಮ್ಮನೆಯವರು ಓಡಿಹೋಗೋರಲ್ಲ ಸಾರ್, ಹುಡುಕಿ’ ಎಂದು ಅವಳು ಪಟ್ಟು ಹಿಡಿಯದಿದ್ದರೆ ಈ ದೂರು ಮೂಲೆ ಸೇರುತ್ತಿತ್ತು. ಕಂಪನಿಯವರೇ ಕೊಂದಿದ್ದಾರೆಂದು ಮೊದಲ ದಿನದಿಂದ ಹೇಳುತ್ತಿದ್ದವಳೂ ಅವಳೇ. ಈಗ ಎರಡೂ ಕೈಯಲ್ಲಿ ಸೆರಗನ್ನು ಹಿಂಡುತ್ತ ಲಾರಿಯನ್ನೇ ನೋಡುತ್ತಿದ್ದಳು.

ಕೊರೆಯುವ ಕೊಳವೆ ಒಮ್ಮೆಲೇ ಜಾರಿ ಕೆಳಗಿಳಿಯಿತು.

“ಪೊಳ್ಳು!” ಲಾರಿಯವನು ಕೂಗಿ ಎಂಜಿನ್ ನಿಲ್ಲಿಸಿದ.

ಮಾತಾಡಲೂ ಕೇಳಲೂ ಆಗುವಂಥ ಸಣ್ಣ ಯಂತ್ರವೊಂದನ್ನು ತಂತಿಗೆ ಕಟ್ಟಿ ತೂತಿನೊಳಗೆ ಬಿಟ್ಟರು. ಮೈಕಿದ್ದ ಹೆಡ್‌ಫೋನು ಒಂದೇ. ಅದನ್ನು ಇನ್ಸ್‌ಪೆಕ್ಟರ್ ಕಿವಿಗೆ ಹಾಕಿಕೊಂಡ.

ಮೊದಲು ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ...

ಟಕ್. ಟಕ್. ಟಕ್.

ಕಲ್ಲಿಗೆ ಕಲ್ಲು ಕುಟ್ಟುವ ಸದ್ದು. ಗೇಟಿನ ಕಡೆ ಕೇಳಿಸದ ಹಾಗೆ ಅವನು ಮಂಡಿಯೂರಿ ಬಾಯಿಯನ್ನು ಮೈಕಿನ ಹತ್ತಿರ ತಂದ.

“ಯಾರಿದೀರಿ? ನಾವು ಪೊಲೀಸ್ನವರು.”

ಕುಟ್ಟುವುದು ನಿಂತಿತು. ಒಣಗಿದ ಗಂಟಲೊಂದು ಮಾತನ್ನು ಹುಡುಕಿತು.

“ಬಂದ್ರಾ... ಬಂದ್ರಾ ಸಾರ್...”

“ಸುರಕ್ಷತಾ ಅಧಿಕಾರಿಗಳಾ?”

“ಹೂಂ. ನಾವಿಬ್ರಿದೀವಿ. ಇವರಿಗೆ ಉಸಿರಿದೆ, ಎಚ್ಚರ ಇಲ್ಲ.”

ಕಾಣೆಯಾದವನು ಒಬ್ಬನೇ. ಊರಿನಲ್ಲಿ ಬೇರೆ ಯಾರೂ ದೂರು ಕೊಟ್ಟಿರಲಿಲ್ಲ.

“ಇಬ್ರಾ?” ಪಿಸುಗುಟ್ಟಿದ. “ಇನ್ನೊಬ್ರು ಯಾರು?”

ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಬದಲಿಗೆ, “ಸಾರ್, ನನ್ನ ಹೆಂಡ್ತಿ ಅಲ್ಲಿದಾಳಾ?”

“ಗೇಟಿನ ಹತ್ರ ಕೂತಿದಾರೆ. ಮೂರು ದಿನದಿಂದ ಊಟ ಬಿಟ್ಟು ಕಾಯ್ತಿದಾರೆ. ಕರೀಲಾ?”

ತೊಟ್ಟಿಕ್ಕುವ ನೀರು. ಉಸಿರು. ಮತ್ತೆ ನೀರು.

“ಕರೀಬೇಡಿ. ನಾನು ಸತ್ತೆ ಅಂತ ಹೇಳಿ.”

“ಏನು?”

“ಕೈ ಮುಗೀತೀನಿ ಸಾರ್. ನಮ್ಮನ್ನ ಮೇಲೆ ಎತ್ತೋವರೆಗೂ ಅವಳಿಗೆ ಹಾಗೇ ಹೇಳಿ. ಸತ್ತಿದಾನೆ ಅಂತ.”

ಇನ್ಸ್‌ಪೆಕ್ಟರ್ ಹೆಡ್‌ಫೋನನ್ನು ನಿಧಾನವಾಗಿ ತೆಗೆದ. ಪಕ್ಕದಲ್ಲಿ ಕೂತಿದ್ದ ಅಕ್ಕ ಅವನ ಮುಖ ನೋಡಿ ಬೆಚ್ಚಿದಳು. “ಏನಂದ್ರೋ?” ಎಂದು ತುಟಿಯಲ್ಲೇ ಕೇಳಿದಳು. ಅವನು ತಲೆಯಾಡಿಸಿದ, ಈಗ ಬೇಡ ಎಂಬಂತೆ.

ಅಷ್ಟರಲ್ಲಿ ಹಗ್ಗದ ಕೆಳಗೆ ನುಸುಳಿ ಅಧಿಕಾರಿಯ ಹೆಂಡತಿ ಓಡಿಬಂದಿದ್ದಳು. ತಡೆಯಲು ಹೋದ ಕಾನ್‌ಸ್ಟೇಬಲ್ ಹಿಂದೆ ಉಳಿದಿದ್ದ.

“ಸಾರ್! ಸಿಕ್ರಾ ಸಾರ್? ಮಾತಾಡಿದ್ರಾ?”

ಕೆಂಪಾಗಿ ಊದಿದ ಕಣ್ಣು. ಕೆದರಿದ ಕೂದಲು. ಈ ಮುಖಕ್ಕೆ ಆ ಮಾತನ್ನು ಹೇಳುವುದು ಹೇಗೆ? ಕತ್ತಲಲ್ಲಿ ಮೂರು ದಿನ ಕಳೆದವನ ತಲೆ ನೆಟ್ಟಗಿರುತ್ತದೆಯೇ? ಇವಳ ಕೈಗೆ ಹೆಡ್‌ಫೋನು ಕೊಟ್ಟುಬಿಡಬೇಕು ಎನ್ನಿಸಿತು ಅವನಿಗೆ. ಕೈ ಅರ್ಧ ಮುಂದಕ್ಕೂ ಬಂತು.

ಆದರೆ ಕೆಳಗಿನ ಆ ದನಿಯಲ್ಲಿ ಭ್ರಮೆ ಇರಲಿಲ್ಲ. ಭಯ ಇತ್ತು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ತಲೆ ತಗ್ಗಿಸಿದ.

“ಕ್ಷಮಿಸಿ ತಾಯಿ. ನಾವು ಬರೋದು ತಡವಾಯ್ತು. ಒಳಗೆ ಜೀವ ಇಲ್ಲ.”

ಅಕ್ಕ ಉಸಿರೆಳೆದುಕೊಂಡಳು. ಲಾರಿಯವನು ಟೋಪಿ ತೆಗೆದು ಎದೆಗೊತ್ತಿಕೊಂಡ.

ಅವಳು ಅಳಲಿಲ್ಲ. ಕುಸಿಯಲೂ ಇಲ್ಲ. ಹಿಂಡುತ್ತಿದ್ದ ಸೆರಗು ಕೈಯಿಂದ ಜಾರಿತು. ಎಷ್ಟೋ ಹೊತ್ತಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಮೆಲ್ಲಗೆ ಬಿಟ್ಟಳು. ಆಮೇಲೆ, ಅಂಗಡಿಗೆ ಬಂದ ಗಿರಾಕಿಯನ್ನು ಕೇಳುವಷ್ಟು ಮೃದುವಾಗಿ, ಕೇಳಿದಳು.

“ಇಬ್ರೂನಾ?”

ಇನ್ಸ್‌ಪೆಕ್ಟರ್ ತಲೆ ಎತ್ತಿದ. ಕೆಳಗೆ ಇಬ್ಬರಿದ್ದಾರೆಂದು ಅವನು ಯಾರಿಗೂ ಹೇಳಿರಲಿಲ್ಲ. ಅವಳಿಗೂ ಆ ಕ್ಷಣವೇ ತಿಳಿಯಿತು, ತಾನು ಏನು ಕೇಳಿಬಿಟ್ಟೆ ಎಂದು. ಬಾಯಿ ತೆರೆದೇ ಉಳಿಯಿತು.

ಆ ಮೌನದಲ್ಲಿ, ಅವನ ಕೈಯಲ್ಲಿ ಜೋತಾಡುತ್ತಿದ್ದ ಹೆಡ್‌ಫೋನಿನೊಳಗಿಂದ, ಸಣ್ಣಗೆ ಆದರೆ ಎಲ್ಲರಿಗೂ ಕೇಳಿಸುವ ಹಾಗೆ, ಕಲ್ಲಿಗೆ ಕಲ್ಲು ಕುಟ್ಟತೊಡಗಿತು.

ಅವಳ ಕಣ್ಣು ಅವನ ಮುಖದಿಂದ ಅವನ ಕೈಗೆ ಇಳಿಯಿತು.